ಸಹಾಯ ಬೇಕು: ಏರ್‌ಲೈನ್ಸ್‌ಗಳು ಒಂದಾದರೆ ಡಿಸ್ಪ್ಯಾಚರ್ ಕೆಲಸದ ಕಥೆ ಏನು?

ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಬಳ್ಳಾಪುರದವರು. ನನ್ನ ತಮ್ಮ ಫ್ಲೈಟ್ ಡಿಸ್ಪ್ಯಾಚರ್ ತರಬೇತಿಗೆ ಸೇರ್ತೀನಿ ಅಂತ ಹಟ ಹಿಡಿದಿದ್ದಾನೆ. ಹವಾಮಾನ, ಇಂಧನ, ದಾರಿ ಎಲ್ಲ ಲೆಕ್ಕ ಹಾಕಿ ಫ್ಲೈಟ್ ಪ್ಲ್ಯಾನ್ ಮಾಡೋ ಕೆಲಸ. (ಅಪ್ಪ ಇನ್ನೂ "ಲಗೇಜ್ ಹಾಕೋದಾ?" ಅಂತಾರೆ, ಇರಲಿ.)

2024ರ ಅಕ್ಟೋಬರ್‌ನಲ್ಲಿ ಎಐಎಕ್ಸ್ ಕನೆಕ್ಟ್ (ಹಿಂದಿನ ಏರ್‌ಏಷ್ಯಾ ಇಂಡಿಯಾ) ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗೆ, ನವೆಂಬರ್‌ನಲ್ಲಿ ವಿಸ್ತಾರ ಏರ್ ಇಂಡಿಯಾಗೆ ಸೇರಿಹೋದವು. ನಾಲ್ಕು ಕಂಪನಿ ಎರಡಾದರೆ ಡಿಸ್ಪ್ಯಾಚರ್‌ಗಳು ಕೂತು ಕೆಲಸ ಮಾಡೋ ಕಂಟ್ರೋಲ್ ಸೆಂಟರೂ ಕಮ್ಮಿಯಾಗಲ್ವಾ? "ವಿಮಾನಗಳು ಹಾರ್ತಾನೇ ಇರ್ತಾವಲ್ಲ" ಅಂತಾನೆ ಇವನು. ಅದೂ ನಿಜ. ಆದರೆ ಸೀನಿಯಾರಿಟಿ ಪಟ್ಟಿ ಒಂದಾದಾಗ ಹೊಸಬರ ಗತಿ? ದೇವನಹಳ್ಳಿ ಏರ್‌ಪೋರ್ಟ್ ಪಕ್ಕದಲ್ಲೇ ಇದ್ದರೂ ಏರ್ ಇಂಡಿಯಾ ಕಂಟ್ರೋಲ್ ಸೆಂಟರ್ ಇರೋದು ಗುರುಗ್ರಾಮದಲ್ಲಿ.

ಈ ಕೆಲಸದಲ್ಲಿರೋರು ಯಾರಾದರೂ ಇದ್ದೀರಾ? ವಿಲೀನ ಆದಮೇಲೆ ಡಿಜಿಸಿಎ (ವಿಮಾನಯಾನದ ಸರ್ಕಾರಿ ನಿಯಂತ್ರಕ ಸಂಸ್ಥೆ) ಅನುಮೋದನೆಗೆ ಮತ್ತೆ ಓಡಾಡಬೇಕಾಯ್ತಾ? ತಿಂಗಳ ಕೊನೆಗೆ ಫೀಸು ಕಟ್ಟಬೇಕು, ಅಷ್ಟರೊಳಗೆ ಹೇಳಿದರೆ ಉಪಕಾರ.