ಗಟ್ಟಿ ಹಿಮಕ್ಕೆ ಎಷ್ಟು ಸಪೂರದ ಸ್ಕೀ ತಗೊಳ್ಳಬೇಕು? ಅನುಭವ ಇದ್ದವರು ಹೇಳಿ

ಮಣಿಪಾಲದಿಂದ:

ಓದಲಿಕ್ಕೆಂದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಹೋಗಿ ಎರಡು ಚಳಿಗಾಲ ಕಳೆಯಿತು. ಈಗ ರಜೆಯಲ್ಲಿ ಊರಲ್ಲಿದ್ದೇನೆ. ಹಿಮದಲ್ಲಿ ಜಾರ್ಲಿಕ್ಕೆ ಕಾಲಿಗೆ ಕಟ್ಟುವ ಉದ್ದ ಹಲಗೆ ಉಂಟಲ್ಲ, ಸ್ಕೀ, ಅದು ಇಷ್ಟರವರೆಗೆ ಬಾಡಿಗೆಯದ್ದು, ಡಿಸೆಂಬರಿಗೆ ಸ್ವಂತದ್ದು ತಗೊಳ್ಳುವ ಅಂತ ಉಂಟು. ಪುಡಿಹಿಮಕ್ಕೆ ನಾನು ಹೋಗುವುದಿಲ್ಲ, ರಾತ್ರಿ ಯಂತ್ರ ಓಡಿಸಿ ಸಪಾಟು ಮಾಡಿದ ಇಳಿಜಾರಿನಲ್ಲೇ ಆಡುವುದು. ಬೆಳಿಗ್ಗೆ ಅದು ಕಲ್ಲಿನ ಹಾಗೆ ಇರ್ತದೆ, ತಿರುಗುವಾಗ ಸ್ಕೀ ಅಡ್ಡ ಜಾರ್ತದೆ. ಅಂಗಡಿಯವರು ನಡುವಿನ ಅಗಲ 84 ಮಿ.ಮೀ. ಇರುವುದು ಎಲ್ಲದಕ್ಕೂ ಆಗ್ತದೆ ಅಂತಾರೆ. ಎತ್ತರ 172 ಸೆಂ.ಮೀ., ತೂಕ 68 ಕೆ.ಜಿ. ಎಂತ ಮಾಡುವುದು ಮಾರಾಯ್ರೆ?

ಸುರತ್ಕಲ್‌ನಿಂದ:

ತಮ್ಮಾ, 84 ಬೇಡ. ಮ್ಯೂನಿಕ್‌ನಲ್ಲಿ ಕೆಲಸಕ್ಕಿದ್ದ ಒಂಬತ್ತು ವರ್ಷ ಚಳಿಗಾಲದ ಶನಿವಾರಗಳೆಲ್ಲ ನನಗೆ ಆಲ್ಪ್ಸ್‌ನಲ್ಲೇ. ಅದರಲ್ಲಿ ಮೂರು ವರ್ಷ ಈ ಎಲ್ಲದಕ್ಕೂ ಆಗುವ ಅಗಲ ಸ್ಕೀಯಲ್ಲಿ ಹಾಳಾಯಿತು.

ಗಟ್ಟಿ ಹಿಮದಲ್ಲಿ ನಿನ್ನನ್ನು ಹಿಡಿದುಕೊಳ್ಳುವುದು ಅಂಚಿನ ಉಕ್ಕಿನ ಪಟ್ಟಿ ಮಾತ್ರ. ಆಟಿ ತಿಂಗಳಲ್ಲಿ ಪಾಚಿ ಹಿಡಿದ ಅಂಗಳ ದಾಟುವಾಗ ಬೆರಳು ಊರಿ ನಡೀತೇವಲ್ಲ, ಅದೇ ಲೆಕ್ಕ. ಸ್ಕೀ ಅಗಲ ಆದಷ್ಟೂ ಆ ಅಂಚು ಪಾದದಿಂದ ಹೊರಗೆ ಹೋಗ್ತದೆ. ಓರೆ ಮಾಡಿದರೆ ಹಿಮ ಅದನ್ನು ಪುನಃ ಚಪ್ಪಟೆ ಮಾಡ್ಲಿಕ್ಕೆ ಒತ್ತುತ್ತದೆ, ಆ ತಿರುಚು ಕಾಲಿಗೆ ಬರ್ತದೆ. ನನಗೆ ಮಧ್ಯಾಹ್ನದೊಳಗೆ ಮೊಣಕಾಲು ನೋಯ್ತಿತ್ತು. ನಡು 68 ಇರುವುದಕ್ಕೆ ಬದಲಾಯಿಸಿದ ಮೊದಲ ದಿನವೇ ಕೆಳಗೆ ನಿಂತು ತಿರುಗಿ ನೋಡಿದೆ: ಹಿಮದಲ್ಲಿ ಪೆನ್ಸಿಲಲ್ಲಿ ಎಳೆದ ಹಾಗೆ ಎರಡು ತೆಳು ಗೆರೆ. ಅಷ್ಟರವರೆಗೆ ಅಲ್ಲಿ ಗುಡಿಸಿದ ಹಾಗೆ ಅಗಲದ ಗುರುತು ಬೀಳ್ತಿತ್ತು.

65ರಿಂದ 72ರ ಒಳಗೆ ನೋಡು. ನಿನಗೆ ಉದ್ದ 165 ಸಾಕು. ರೇಡಿಯಸ್, ಅಂದರೆ ಸ್ಕೀ ಎಷ್ಟು ದೊಡ್ಡ ಸುತ್ತಿನಲ್ಲಿ ತಿರುಗ್ತದೆ ಅಂತ, ಅದರ ಮೇಲೆಯೇ ಬರೆದಿರ್ತದೆ, 13-14 ಮೀಟರ್ ಇರಲಿ. 17-18 ಇದ್ದರೆ ತಿರುವು ಉದ್ದ, ವೇಗ ಬೇಕು, ಜಾಗವೂ ಬೇಕು. ಶನಿವಾರದ ಗೌಜಿಯಲ್ಲಿ ಜಾಗ ಎಲ್ಲಿಂದ? ಸ್ಪರ್ಧೆಗೆಂದೇ ಮಾಡಿದ ಸ್ಕೀ ಅಗ್ಗಕ್ಕೆ ಸಿಕ್ಕಿದರೂ ಬೇಡ, ತುಂಬ ಗಡಸು.

ಅಂಗಡಿಯಲ್ಲಿ ಎರಡೂ ಸ್ಕೀಯ ತಳಕ್ಕೆ ತಳ ಸೇರಿಸಿ ಹಿಡಿ. ನಡುವಲ್ಲಿ ಸಂದು ಕಾಣಬೇಕು, ಮುಂದೆ ಹಿಂದೆ ತುದಿಯ ಹತ್ತಿರವೇ ಒಂದಕ್ಕೊಂದು ತಾಗಬೇಕು. ಮೂತಿ ಬಹಳ ಹಿಂದಿನಿಂದಲೇ ಬಿಟ್ಟುಕೊಂಡಿದ್ದರೆ ಗಟ್ಟಿ ಹಿಮದಲ್ಲಿ ಅಷ್ಟು ಅಂಚು ಕೆಲಸಕ್ಕೆ ಬರುವುದಿಲ್ಲ.

ಸ್ಕೀ ಹೀಗೆ ನಡು ಸಪೂರ, ತುದಿ ಅಗಲ ಆದದ್ದು ಬಹಳ ಹಿಂದಲ್ಲ. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಅಂತ ಇಂಥ ಸ್ಕೀ ತಂದಿತು. ಅದಕ್ಕಿಂತ ಮೊದಲು ಹೆಚ್ಚುಕಡಿಮೆ ನೇರ ಹಲಗೆ, ಗಂಡಸರಿಗೆ ಎರಡು ಮೀಟರ್ ಉದ್ದದ್ದು.

ಒಂದು ತೊಂದರೆ ಉಂಟು. ಮಾರ್ಚ್ ಮಧ್ಯಾಹ್ನ ಹಿಮ ಮೆತ್ತಗಾಗಿ ಗುಡ್ಡೆ ಗುಡ್ಡೆ ಆದಾಗ ಸಪೂರದ್ದು ಹುಗಿದುಕೊಳ್ತದೆ. ಆಗ ನಾನು ಮನೆಗೆ ಹೋಗ್ತಿದ್ದೆ.

ಉಡುಪಿಯಿಂದ:

ಅಣ್ಣ ಹೇಳಿದ್ದು ಸರಿ, ಆದರೆ ದುಡ್ಡು ಒಂದಕ್ಕೇ ಇದ್ದರೆ ಮೊದಲು ಬೂಟು ತಗೊಳ್ಳಿ. ಸ್ಕೀ ಬಾಡಿಗೆಗೆ ಸಿಗ್ತದೆ, ನಿಮ್ಮ ಪಾದಕ್ಕೆ ಕೂರುವ ಬೂಟು ಬಾಡಿಗೆಗೆ ಸಿಗುವುದು ಕಷ್ಟ. ನನಗೆ ಒಂದು ಅಂಗಡಿಯಲ್ಲಿ ಹಾಯಾಗಿ ಇರಲಿ ಅಂತ ಎರಡು ಸೈಜ್ ದೊಡ್ಡದು ಕೊಟ್ಟಿದ್ದರು. ಸ್ಕೀ ಓರೆ ಮಾಡಿದರೆ ಒಳಗೆ ಹಿಮ್ಮಡಿ ಮೇಲೇಳ್ತಿತ್ತು, ಅಂಚಿಗೆ ಭಾರ ಹೋಗುವುದೇ ಇಲ್ಲ. ಒಂದು ಇಡೀ ಚಳಿಗಾಲ ತಪ್ಪು ನನ್ನದೇ ಅಂದುಕೊಂಡು ಅತ್ತಿದ್ದೇನೆ. ಒಳಗಿನ ಮೆತ್ತೆ ತೆಗೆದು ಬರೀ ಹೊರಚಿಪ್ಪಿನಲ್ಲಿ ಕಾಲಿಡಿ, ಬೆರಳು ಮುಂದಕ್ಕೆ ತಾಗಿಸಿ. ಹಿಮ್ಮಡಿ ಹಿಂದೆ ಒಂದೂವರೆ ಸೆಂ.ಮೀ.ಗಿಂತ ಜಾಸ್ತಿ ಜಾಗ ಇದ್ದರೆ ಚಿಕ್ಕದು ಕೇಳಿ. ಬೂಟನ್ನು ಸ್ಕೀಗೆ ಹಿಡಿದು ಬಿದ್ದಾಗ ಬಿಡುವ ಬೈಂಡಿಂಗ್‌ನ ಸ್ಕ್ರೂ ನೀವೇ ತಿರುಗಿಸಬೇಡಿ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ ನೋಡಿ ಅಂಗಡಿಯವರು ಕೂರಿಸಲಿ. ಬಿದ್ದಾಗ ಕಾಲು ಉಳಿಯುವುದು ಅದರಿಂದ.

ಕದ್ರಿಯಿಂದ:

ಊರಿಗೆ ತರುವ ಆಲೋಚನೆ ಇದ್ದರೆ ಒಂದು ಮಾತು. ನಾನು ಸ್ಕೀಯನ್ನು ಚೀಲದಲ್ಲೇ ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಚೌತಿಗೆ ಇಳಿಸಿ ನೋಡಿದರೆ ಅಂಚು ತುಂಬ ಕೆಂಪು ತುಕ್ಕು, ಬೂಟಿನೊಳಗೆ ಬೂಸ್ಟು. ನಮ್ಮ ಕಡಲಗಾಳಿ, ಮಳೆ ಎರಡೂ ಸೇರಿದರೆ ಉಕ್ಕು ಉಳಿಯುವುದಿಲ್ಲ. ಒರೆಸಿ ಪೂರ್ತಿ ಒಣಗಿಸಿ, ತಳಕ್ಕೂ ಅಂಚಿಗೂ ವ್ಯಾಕ್ಸ್ ದಪ್ಪ ಕರಗಿಸಿ ಹಾಕಿ ಕೆರೆಯದೆ ಬಿಡಿ. ಚೀಲ ಬೇಡ, ಗಾಳಿಯಾಡುವಲ್ಲಿ ಇಡಿ. ಬೂಟಿನ ಮೆತ್ತೆ ಹೊರಗೆ ತೆಗೆದಿಡಿ. ಮೇಲಿನ ತುಕ್ಕು ರಬ್ಬರ್ ಕಲ್ಲಿನಿಂದ ತಿಕ್ಕಿದರೆ ಹೋಗ್ತದೆ, ಆಳಕ್ಕೆ ಹೋದದ್ದು ಹೋಗುವುದಿಲ್ಲ.

ಸುರತ್ಕಲ್‌ನಿಂದ:

ಅಕ್ಕ ಬೂಟಿನ ವಿಷಯ ಹೇಳಿದ್ದು ಒಳ್ಳೆಯದಾಯಿತು, ನಾನು ಬಿಟ್ಟೇಬಿಟ್ಟೆ. ಅಂಚಿನದ್ದೂ ಸೇರಿಸ್ತೇನೆ: ಬದಿಯ ಕೋನ 88 ಡಿಗ್ರಿ ಮಾಡಿಸು, ಮೊಂಡಾದ ಕೂಡಲೇ ಹರಿತ ಮಾಡಿಸು. ಮೊಂಡು ಮೆಟ್ಟುಕತ್ತಿಯಲ್ಲಿ ಹಲಸಿನಕಾಯಿ ಕೊಚ್ಚುವ ಹಾಗೆ ಆಗಬಾರದು. ನನ್ನ ಹಳೇ 165 ಇಲ್ಲೇ ಮನೆಯಲ್ಲಿ ಉಂಟು. ಹೋಗುವ ಮೊದಲು ಒಂದು ಭಾನುವಾರ ಬಾ, ತಳಕ್ಕೆ ತಳ ಹೇಗೆ ಹಿಡಿಯುವುದಂತ ತೋರಿಸ್ತೇನೆ.