ಪದಚರ್ಚೆ: 'ಸಾಮಾನ್ಯ ಅವಕಲ ಸಮೀಕರಣದ ಸಾಮಾನ್ಯ ಪರಿಹಾರ' – ಈ ಎರಡರಲ್ಲಿ ಯಾವ 'ಸಾಮಾನ್ಯ'ವನ್ನು ಉಳಿಸಿಕೊಳ್ಳೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಪದವಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಬಿ.ಎಸ್ಸಿ.ಗೆ ಬರುವ ಮಕ್ಕಳಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು ಸಾಕಷ್ಟಿದ್ದಾರೆ. ಬಹುಚರ ಉತ್ಪನ್ನಗಳು (ಒಂದಕ್ಕಿಂತ ಹೆಚ್ಚು ಚರಗಳ ಫಂಕ್ಷನ್ನುಗಳು), ಅವಕಲ ಸಮೀಕರಣಗಳು (ಡಿಫರೆನ್ಷಿಯಲ್ ಇಕ್ವೇಷನ್, ಅಂದರೆ ಬದಲಾಗುವ ದರವನ್ನು ಒಳಗೊಂಡ ಸಮೀಕರಣಗಳು) ಬರುವ ಸೆಮಿಸ್ಟರಿನಲ್ಲಿ ಅವರು ಕಂಗಾಲಾಗುತ್ತಾರೆ. ಹಾಗಾಗಿ ಅವರಿಗೆಂದು ಕನ್ನಡದಲ್ಲಿ ಟಿಪ್ಪಣಿ ಬರೆಯಲು ಕೂತಿದ್ದೇನೆ. ಅರ್ಧ ದಾರಿ ಬಂದ ಮೇಲೆ ಒಂದು ಪದ ಕಾಲಿಗೆ ತೊಡರಿಕೊಂಡಿದೆ. 'ಸಾಮಾನ್ಯ'.

ಆದದ್ದು ಇಷ್ಟು. ಹೋದ ಟೆಸ್ಟಿನಲ್ಲಿ ನಾನೇ ಹಾಕಿದ ಪ್ರಶ್ನೆ: 'ಕೆಳಗಿನ ಸಮೀಕರಣಗಳ ಸಾಮಾನ್ಯ ಪರಿಹಾರ ಬರೆಯಿರಿ.' ಅದರಡಿ ಎರಡು ಸಮೀಕರಣ. ಒಂದರಲ್ಲಿ ವೈ ಎಂಬುದರ ಅವಕಲಜ (ಅದು ಬದಲಾಗುವ ದರ) 2ಎಕ್ಸ್‌ಗೆ ಸಮ, ಇನ್ನೊಂದರಲ್ಲಿ ಅದು ವೈಗೇ ಸಮ. ಮೊದಲನೆಯದಕ್ಕೆ ಎಕ್ಸ್ ವರ್ಗಕ್ಕೆ ಒಂದು ಸ್ಥಿರಾಂಕ ಕೂಡಿಸಿ ಬರೆದರೆ ಆಯಿತು, ಎರಡನೆಯದು ಘಾತೀಯ ಉತ್ಪನ್ನ. ಎರಡೂ ಎರಡೆರಡು ಸಾಲಿನ ಕೆಲಸ. ಒಬ್ಬ ಹುಡುಗಿ, ಓದುವ ಹುಡುಗಿಯೇ, ಎರಡರ ಬಲಭಾಗವನ್ನೂ ಸಮ ಮಾಡಿ 'ವೈ = 2ಎಕ್ಸ್' ಎಂದು ಬರೆದು, ಅದನ್ನು ಮತ್ತೆ ಸಮೀಕರಣಕ್ಕೆ ಹಾಕಿ ನೋಡಿ, ತಾಳೆಯಾಗದೆ, ಕೊನೆಗೆ 'ಸಾಮಾನ್ಯ ಪರಿಹಾರ ಇಲ್ಲ' ಎಂದು ಅಡಿಗೆರೆ ಎಳೆದಿದ್ದಳು.

ಕರೆದು ಕೇಳಿದೆ. 'ಎರಡಕ್ಕೂ ಸೇರಿದ್ದು ಕೇಳಿದ್ದಲ್ವಾ ಸಾರ್? ಮ.ಸಾ.ಅ. ಥರ?' ಅಂದಳು.

ಮಹತ್ತಮ ಸಾಮಾನ್ಯ ಅಪವರ್ತನ! ಸಮಾಂತರ ಶ್ರೇಢಿಯ ಸಾಮಾನ್ಯ ವ್ಯತ್ಯಾಸವೂ ಅದೇ ಜಾತಿಯದು. ಹೈಸ್ಕೂಲಿನವರೆಗೆ ಅವಳು ಗಣಿತದಲ್ಲಿ ಕಂಡ 'ಸಾಮಾನ್ಯ'ಕ್ಕೆಲ್ಲ ಒಂದೇ ಅರ್ಥ, ಹಲವಕ್ಕೆ ಸಮಾನವಾಗಿ ಸೇರಿದ್ದು. ಮೇಲಾಗಿ 'ಸಮೀಕರಣಗಳ ಸಾಮಾನ್ಯ ಪರಿಹಾರ' ಅಂದರೆ ಕನ್ನಡದ ಕಿವಿಗೆ ಮೊದಲು ಬೀಳುವ ಅರ್ಥ ಅದೇ. ಅವಳು ನನ್ನ ವಾಕ್ಯವನ್ನು ಸರಿಯಾಗಿಯೇ ಓದಿದ್ದಳು. ಅವಳು ಓದಿದ ಪ್ರಶ್ನೆಗೆ ಅವಳ ಉತ್ತರವೂ ಸರಿಯೇ: ಆ ಎರಡಕ್ಕೂ ಸೇರಿದ ಪರಿಹಾರ ನಿಜಕ್ಕೂ ಇಲ್ಲ. ಪೂರ್ತಿ ಅಂಕ ಕೊಟ್ಟೆ. ಬಂದು ನನ್ನ ಟಿಪ್ಪಣಿ ತೆರೆದರೆ ಮೂರನೆಯ ಅಧ್ಯಾಯದ ಶೀರ್ಷಿಕೆಯೇ 'ಸಾಮಾನ್ಯ ಅವಕಲ ಸಮೀಕರಣದ ಸಾಮಾನ್ಯ ಪರಿಹಾರ' ಎಂದಿತ್ತು.

ಇಂಗ್ಲಿಷಿನಲ್ಲಿ ಕಾಮನ್, ಜನರಲ್, ಆರ್ಡಿನರಿ ಅಂತ ಮೂರು ಪದ. ನಮ್ಮಲ್ಲಿ ಮೂರಕ್ಕೂ ಒಂದೇ ಕೂಲಿಯಾಳು. ಸಾಮಾನ್ಯ ಜ್ಞಾನ ಜನರಲ್, ಸಾಮಾನ್ಯ ಜನ ಆರ್ಡಿನರಿ. ಹವಾಮಾನದವರ 'ವಾಡಿಕೆ ಮಳೆ' ಪತ್ರಿಕೆಗಳಲ್ಲಿ ಎಷ್ಟೋ ಸಲ 'ಸಾಮಾನ್ಯಕ್ಕಿಂತ ಹೆಚ್ಚು' ಆಗುತ್ತದೆ, ಅಲ್ಲಿಗೆ ನಾರ್ಮಲ್ ಕೂಡ ಸೇರಿತು. 'ಅವನೇನ್ ಸಾಮಾನ್ಯ ಅಲ್ಲ ಬಿಡಿ' ಅನ್ನುವುದರ ಅರ್ಥ ಯಾವ ಕೋಶದಲ್ಲಿದೆಯೋ.

ಈಗ ಅಧ್ಯಾಯದ ಶೀರ್ಷಿಕೆಗೆ ಬರೋಣ. ಮೊದಲನೆಯ 'ಸಾಮಾನ್ಯ' ಆರ್ಡಿನರಿ, ಅದರ ಎದುರಾಳಿ 'ಆಂಶಿಕ' (ಪಾರ್ಷಿಯಲ್). ಲೋಟದಲ್ಲಿ ಆರುತ್ತಿರುವ ಕಾಫಿಯ ಬಿಸಿ ಬರೀ ಹೊತ್ತನ್ನು ಅವಲಂಬಿಸಿದೆ ಎಂದಿಟ್ಟುಕೊಂಡರೆ ಸಿಗುವುದು ಸಾಮಾನ್ಯ ಅವಕಲ ಸಮೀಕರಣ. ಕುದಿಯುವ ಸಾರಿನಲ್ಲಿ ಬಿಟ್ಟ ಸೌಟಿನ ಹಿಡಿಯ ಬಿಸಿ ಹಾಗಲ್ಲ. ಎಷ್ಟು ಹೊತ್ತಾಯಿತು ಅನ್ನುವುದರ ಜೊತೆಗೆ ಹಿಡಿಯ ಯಾವ ಜಾಗದಲ್ಲಿ ಮುಟ್ಟಿದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸ್ವತಂತ್ರ ಚರಗಳು ಎರಡಾದವು, ಸಮೀಕರಣ ಆಂಶಿಕವಾಯಿತು. ಎರಡನೆಯ 'ಸಾಮಾನ್ಯ' ಜನರಲ್, ಅದರ ಎದುರಾಳಿಯೇ ಬೇರೆ, ಅದು 'ವಿಶೇಷ'. ಸ್ಥಿರಾಂಕವನ್ನು ಸಡಿಲ ಬಿಟ್ಟರೆ ಸಾಮಾನ್ಯ ಪರಿಹಾರ. ವಕ್ರರೇಖೆ ಇಂಥ ಬಿಂದುವಿನ ಮೂಲಕವೇ ಹಾಯಬೇಕೆಂದು ಹೇಳಿ ಸ್ಥಿರಾಂಕದ ಬೆಲೆ ಗೊತ್ತುಮಾಡಿದರೆ ವಿಶೇಷ ಪರಿಹಾರ.

ನನ್ನ ಮಟ್ಟಿಗೆ ಪರಿಹಾರದ ಪಕ್ಕದ 'ಸಾಮಾನ್ಯ' ಅಲ್ಲಿಯೇ ಇರಬೇಕು. ಸಾಮಾನ್ಯ–ವಿಶೇಷ ನಮ್ಮಲ್ಲಿ ಹಳೆಯ ಜೋಡಿ. ಷಡ್ದರ್ಶನಗಳಲ್ಲಿ ಒಂದಾದ ವೈಶೇಷಿಕ ದರ್ಶನ ತನ್ನ ಪದಾರ್ಥಗಳನ್ನು (ಇರುವುದೆಲ್ಲದರ ಮೂಲ ವರ್ಗಗಳನ್ನು) ಎಣಿಸುವಾಗಲೇ ಈ ಎರಡನ್ನೂ ಅಕ್ಕಪಕ್ಕ ಇಡುತ್ತದೆ. ಹಿಂದಿಯ ಗಣಿತ ಪಠ್ಯಗಳಲ್ಲಿ ಪರಿಹಾರದ ಪಕ್ಕದ ಈ 'ಸಾಮಾನ್ಯ'ಕ್ಕೆ 'ವ್ಯಾಪಕ' ಎನ್ನುತ್ತಾರೆ. ನಾವೂ ತರಬಹುದು, ಆದರೆ ನಮ್ಮಲ್ಲಿ ವ್ಯಾಪಕವಾಗುವುದು ಮಳೆ, ಜ್ವರ, ಭ್ರಷ್ಟಾಚಾರ. ಸಹೋದ್ಯೋಗಿಯೊಬ್ಬರು ಸಾರ್ವತ್ರಿಕ ಚುನಾವಣೆಯ ಮಾದರಿಯಲ್ಲಿ 'ಸಾರ್ವತ್ರಿಕ ಪರಿಹಾರ' ಎನ್ನಿ ಎಂದರು. ಕೇಳಲು ಚೆನ್ನಾಗಿದೆ, ಗಣಿತದಲ್ಲಿ ಸುಳ್ಳು. 18ನೇ ಶತಮಾನದ ಫ್ರೆಂಚ್ ಗಣಿತಜ್ಞ ಕ್ಲೇರೋ ಹೆಸರಿನ ಸಮೀಕರಣವನ್ನೇ ನೋಡಿ. ಅದರ ಸಾಮಾನ್ಯ ಪರಿಹಾರ ಒಂದು ಸರಳರೇಖೆಗಳ ಹಿಂಡು; ಸ್ಥಿರಾಂಕಕ್ಕೆ ಒಂದೊಂದು ಬೆಲೆ ಕೊಟ್ಟಾಗಲೂ ಒಂದೊಂದು ಗೆರೆ. ಎಲ್ಲ ಗೆರೆಗಳನ್ನೂ ಒಂದೇ ಹಾಳೆಯಲ್ಲಿ ಎಳೆದರೆ ಅವುಗಳ ಅಂಚಿನಲ್ಲಿ ಒಂದು ವಕ್ರರೇಖೆ ತಾನಾಗಿ ಮೂಡುತ್ತದೆ, ಪ್ರತಿ ಗೆರೆಯೂ ಅದನ್ನು ಒಂದು ಕಡೆ ಮುಟ್ಟಿ ಹೋಗುತ್ತದೆ. ಆ ವಕ್ರರೇಖೆಯೂ ಸಮೀಕರಣಕ್ಕೆ ಒಪ್ಪುವ ಪರಿಹಾರವೇ. ಆದರೆ ಸ್ಥಿರಾಂಕಕ್ಕೆ ಯಾವ ಬೆಲೆ ಕೊಟ್ಟರೂ ಅದು ಸಿಗುವುದಿಲ್ಲ. ಹೀಗೆ ಹೊರಗುಳಿದವನೊಬ್ಬ ಇರುವಾಗ ಸಾರ್ವತ್ರಿಕ ಅನ್ನುವುದು ಹೇಗೆ? (ಆ ಹೊರಗಿನವನಿಗೆ 'ಅಸಾಮಾನ್ಯ ಪರಿಹಾರ' ಎಂದು ಹೆಸರಿಡುವ ಆಸೆ ನನಗಿದೆ. ಅಸಾಮಾನ್ಯ ಪ್ರತಿಭೆಯ ಸಾಲಿಗೆ ಸೇರಿಬಿಟ್ಟೀತೆಂದು ತಡೆದುಕೊಂಡಿದ್ದೇನೆ.)

ಹಾಗಾದರೆ ಜಾಗ ಬಿಡಬೇಕಾದದ್ದು ಸಮೀಕರಣದ ಪಕ್ಕದ 'ಸಾಮಾನ್ಯ'. ಅಲ್ಲಿಗೆ ಏನು ತರೋಣ?

'ಸಾಧಾರಣ' ಎಂಬುದು ಕೈಗೆಟಕುವ ಪದ. ಹಿಂದಿಯಲ್ಲೂ ಬಳಕೆಯಲ್ಲಿದೆ. ಆದರೆ ಅದರ ಮೂಲಾರ್ಥವೂ 'ಹಲವರಿಗೆ ಸೇರಿದ್ದು' ಎಂದೇ, ಮತ್ತೆ ಅದೇ ಗುಂಡಿ. ಇಂದಿನ ಬಳಕೆಯಲ್ಲಿ 'ಸಾಧಾರಣ ವಿದ್ಯಾರ್ಥಿ' ಅಂದರೆ ಹೊಗಳಿಕೆಯಲ್ಲ. ಸಾಧಾರಣ ಅವಕಲ ಸಮೀಕರಣ ಅಂದರೆ ಸುಲಭದ್ದು ಅಂದುಕೊಂಡು ಬಂದವರಿಗೆ ಏನು ಹೇಳಲಿ? ಬಿಡಿಸಲು ಬಾರದ ಸಾಧಾರಣ ಸಮೀಕರಣಗಳು ಬೇಕಾದಷ್ಟಿವೆ.

ನನಗೆ ಹೊಳೆದದ್ದು, ಆರ್ಡಿನರಿ ಅನ್ನುವುದನ್ನು ಅನುವಾದಿಸುವ ಗೋಜಿಗೇ ಹೋಗದೆ ಇರುವ ಸಂಗತಿಯನ್ನೇ ಹೆಸರಾಗಿಸುವುದು: ಏಕಚರ ಅವಕಲ ಸಮೀಕರಣ, ಬಹುಚರ ಅವಕಲ ಸಮೀಕರಣ. 'ಬಹುಚರ ಉತ್ಪನ್ನ' ಪಾಠದಲ್ಲಿ ಮೊದಲೇ ಬಂದಿರುವುದರಿಂದ ಮಕ್ಕಳಿಗೆ ಹೊಸದಲ್ಲ. ತೊಡಕು ಒಂದೇ. ಜಿಂಕೆ–ಹುಲಿಗಳ ಸಂಖ್ಯೆ ಏರಿಳಿಯುವ ಮಾದರಿಯಲ್ಲಿ, 1920ರ ದಶಕದಲ್ಲಿ ಲೋಟ್ಕಾ, ವೋಲ್ಟೆರಾ ಎಂಬ ಇಬ್ಬರು ವಿದ್ವಾಂಸರು ಬೇರೆಬೇರೆಯಾಗಿ ಬರೆದದ್ದರಲ್ಲಿ, ಬದಲಾಗುವ ರಾಶಿಗಳು ಎರಡು. ಆದರೂ ಅವು ಆರ್ಡಿನರಿ ಸಮೀಕರಣಗಳೇ, ಯಾಕೆಂದರೆ ಸ್ವತಂತ್ರ ಚರ ಕಾಲವೊಂದೇ. 'ಏಕಚರ ಅಂದ್ರಿ, ಇಲ್ಲಿ ಎರಡಿವೆಯಲ್ಲ ಸಾರ್' ಎಂದು ಹಿಂದಿನ ಬೆಂಚಿನಿಂದ ಬಂದೇ ಬರುತ್ತದೆ. 'ಏಕಸ್ವತಂತ್ರಚರ' ಅನ್ನೋಣವೆಂದರೆ ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಬೆಲ್ಲು ಹೊಡೆಯುತ್ತದೆ.

'ಆಂಶಿಕ'ದ ಬಗ್ಗೆಯೂ ಒಂದು ಮಾತು, ಏಕಚರ–ಬಹುಚರ ಒಪ್ಪಿದರೆ ಸಮೀಕರಣದ ಹೆಸರಿನಿಂದ ಅದೂ ಹೊರಬೀಳುತ್ತದೆ. ಆಂಶಿಕ ಅಂದಕೂಡಲೇ ಮಕ್ಕಳಿಗೆ ಅರೆಬರೆ ಅನ್ನಿಸುತ್ತದೆ, ಮಳೆಗಾಲದಲ್ಲಿ ತಹಶೀಲ್ದಾರರು ಬರೆದುಕೊಳ್ಳುವ 'ಭಾಗಶಃ ಹಾನಿ'ಯ ಹಾಗೆ. ಅವಕಲಜದಲ್ಲಿ ಅರೆಬರೆ ಏನೂ ಇಲ್ಲ. ತರಗತಿಯಲ್ಲಿ ನಾನು ನೀರಿನ ಡ್ರಮ್ಮು ತೋರಿಸುತ್ತೇನೆ. ತ್ರಿಜ್ಯ 30 ಸೆಂ.ಮೀ., ಎತ್ತರ 90 ಸೆಂ.ಮೀ. ತ್ರಿಜ್ಯ ಮುಟ್ಟದೆ ಎತ್ತರವನ್ನು ಒಂದು ಸೆಂಟಿಮೀಟರ್ ಏರಿಸಿದರೆ ಸುಮಾರು 2.8 ಲೀಟರ್ ಹೆಚ್ಚು ಹಿಡಿಯುತ್ತದೆ. ಎತ್ತರ ಮುಟ್ಟದೆ ತ್ರಿಜ್ಯವನ್ನು ಅಷ್ಟೇ ಹಿಗ್ಗಿಸಿದರೆ ಸುಮಾರು 17 ಲೀಟರ್. ಒಂದನ್ನು ಅಲುಗಿಸಿ ಮಿಕ್ಕದ್ದನ್ನು ಕಟ್ಟಿಹಾಕುವುದು, ಅಷ್ಟೇ ವಿಷಯ. ಎರಡನ್ನೂ ಒಟ್ಟಿಗೆ ಚೂರು ಅಲುಗಿಸಿದಾಗ ಆಗುವ ಒಟ್ಟು ಬದಲಾವಣೆಯಲ್ಲಿ ಇವೆರಡೂ ಒಂದೊಂದು ಪಾಲು ಎಂಬ ಅರ್ಥದಲ್ಲಿ 'ಆಂಶಿಕ' ಸಾಧು ಪದವೇ. ಅವಕಲಜಕ್ಕೆ ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಸಮೀಕರಣಕ್ಕೂ ಅದೇ ಹಣೆಪಟ್ಟಿ ಬೇಕೇ ಅನ್ನುವುದಷ್ಟೇ ಪ್ರಶ್ನೆ.

ಪದದ ಅರ್ಥ ಕಾಲಕಾಲಕ್ಕೆ ಜಾರುತ್ತದೆ, ಒಪ್ಪುತ್ತೇನೆ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರು ಗ್ರಹದ ಆ ಕ್ಷಣದ ವೇಗಕ್ಕೆ 'ತಾತ್ಕಾಲಿಕ ಗತಿ' ಎಂದರು. ಇಂದು ಅದೇ ಮಾತು ಬೋರ್ಡಿನ ಮೇಲೆ ಬರೆದರೆ, ರಸ್ತೆ ರಿಪೇರಿ ಮುಗಿಯುವವರೆಗಿನ ವ್ಯವಸ್ಥೆ ಅಂದುಕೊಳ್ಳುತ್ತಾರೆ.

ಬಲ್ಲವರಲ್ಲಿ ಕೇಳುವುದಿಷ್ಟು. ಪರಿಹಾರದ ಪಕ್ಕದಲ್ಲಿ ಸಾಮಾನ್ಯ–ವಿಶೇಷ ಉಳಿಸಿ, ಸಮೀಕರಣಕ್ಕೆ ಏಕಚರ–ಬಹುಚರ ಎಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಒಗ್ಗದಿದ್ದರೆ, 'ಒಂದೇ ಸ್ವತಂತ್ರ ಚರ ಇರುವ' ಎಂಬುದಕ್ಕೆ ನಾಲಿಗೆ ತಡವರಿಸದ ಪದ ಯಾವುದಿದೆ? ಅಚ್ಚಗನ್ನಡದ್ದಾದರೂ ಸರಿ, ಆದರೆ ಅವಕಲದ ಜೊತೆ ಕೂತು ಊಟ ಮಾಡುವಂತಿರಬೇಕು. ತರಗತಿಯಲ್ಲಿ ಪಾಠ ಮಾಡುವವರು, ನೀವು ಬಾಯಲ್ಲಿ ಏನನ್ನುತ್ತೀರಿ ಎಂಬುದನ್ನೂ ತಿಳಿಸಿ. ನಾನಂತೂ ಬರವಣಿಗೆಯಲ್ಲಿ ಇಷ್ಟೆಲ್ಲ ಒದ್ದಾಡಿ, ಪಾಠ ಮಾಡುವಾಗ 'ಓ.ಡಿ.ಇ.' (ಆರ್ಡಿನರಿ ಡಿಫರೆನ್ಷಿಯಲ್ ಇಕ್ವೇಷನ್) ಅಂದುಬಿಡುತ್ತೇನೆ.

ಮುಂದಿನ ಟೆಸ್ಟಿನ ಪ್ರಶ್ನೆಯನ್ನು ಸದ್ಯಕ್ಕೆ ಹೀಗೆ ತಿದ್ದಿಕೊಂಡಿದ್ದೇನೆ: 'ಕೆಳಗಿನ ಪ್ರತಿಯೊಂದು ಸಮೀಕರಣಕ್ಕೂ ಅದರದರ ಸಾಮಾನ್ಯ ಪರಿಹಾರವನ್ನು ಬೇರೆಬೇರೆಯಾಗಿ ಬರೆಯಿರಿ.' ಇದರಲ್ಲೂ ಇನ್ನೊಂದು ಅರ್ಥ ಕಂಡರೆ ಬುಧವಾರದೊಳಗೆ ಹೇಳಿ, ಅಂದು ಪ್ರಶ್ನೆಪತ್ರಿಕೆ ಪ್ರಿಂಟಿಗೆ ಕೊಡಬೇಕು.