ಪದಚರ್ಚೆ: ಕಾಯಿಲೆಯೇ ಇಲ್ಲದ ನಾಯಿಯನ್ನು ‘ವಾಹಕ’ ಎನ್ನಬಹುದೇ?

ಗೆಳೆಯರೇ, ನಮಸ್ಕಾರ.

ದಾವಣಗೆರೆಯಲ್ಲಿ ನಾಯಿ ಸಾಕುವವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಬೆರಕೆ ನಾಯಿಗಳಿಗೆ ಅಪ್ಪ-ಅಮ್ಮನಿಂದ ಬರುವ ಕಾಯಿಲೆಗಳ ಬಗ್ಗೆ. (‘ಮಿಶ್ರತಳಿ’ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಸೀಮೆಹಸು. ‘ಕಂತ್ರಿ’ ಬೈಗುಳವಾಗಿಬಿಟ್ಟಿದೆ. ಅದಕ್ಕೇ ‘ಬೆರಕೆ’ ಉಳಿಸಿಕೊಂಡಿದ್ದೇನೆ.) ತೊಡಕಾಗಿರುವುದು ‘ವಾಹಕ’ ಅನ್ನುವ ಪದ.

ಲ್ಯಾಬ್ರಡಾರ್, ಪೂಡಲ್ ಎರಡರಲ್ಲೂ ಪಿಆರ್‌ಎ ಎಂಬ ಕಣ್ಣಿನ ಕಾಯಿಲೆ ಉಂಟು. ಅಕ್ಷಿಪಟ, ಅಂದರೆ ಕಣ್ಣಿನೊಳಗೆ ಬೆಳಕನ್ನು ಹಿಡಿಯುವ ಪದರ, ನಿಧಾನವಾಗಿ ಹಾಳಾಗುತ್ತದೆ. ಮೊದಲು ಇರುಳುಗುರುಡು. ಹಗಲೆಲ್ಲ ಚೆನ್ನಾಗಿ ಓಡಾಡಿದ ನಾಯಿ ಮುಸ್ಸಂಜೆಗೆ ಮೆಟ್ಟಿಲ ತುದಿಯಲ್ಲಿ ನಿಂತು, ಮುಂಗಾಲನ್ನು ಕೆಳಗಿಡುವುದು, ಮತ್ತೆ ಎತ್ತಿಕೊಳ್ಳುವುದು ಮಾಡುತ್ತದೆ. ಕೊನೆಗೆ ಹಗಲಲ್ಲೂ ಕಾಣುವುದಿಲ್ಲ. ಇದರ ಒಂದು ಬಗೆಯಲ್ಲಿ ಎರಡೂ ತಳಿಗಳಲ್ಲಿರುವುದು ಒಂದೇ ಜೀನ್ ದೋಷ. ಅಪ್ಪ-ಅಮ್ಮರಲ್ಲಿ ಒಬ್ಬರಿಂದ ಮಾತ್ರ ಬಂದು, ಆ ದೋಷದ ಒಂದೇ ಪ್ರತಿ ಇದ್ದರೆ ನಾಯಿಗೆ ಏನೂ ಆಗುವುದಿಲ್ಲ. ಅಂಥ ಎರಡು ನಾಯಿ ಕೂಡಿದರೆ, ಹುಟ್ಟುವ ಒಂದೊಂದು ಮರಿಗೂ ಕಾಯಿಲೆ ತರುವ ಎರಡು ಪ್ರತಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಬೆರಕೆ ಅಲ್ವಾ, ಏನೂ ಬರಲ್ಲ ಬಿಡಿ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಒಂದೇ ಪ್ರತಿ ಇರುವ ಈ ನಾಯಿಗೆ ಪುಸ್ತಕದಲ್ಲಿರುವ ಪದ ‘ವಾಹಕ’. ಆದರೆ ಜನಕ್ಕೆ ರೋಗವಾಹಕ ಅಂದರೆ ಸೊಳ್ಳೆ! ಕರಡು ಓದಿದ ಒಬ್ಬರು ‘ಹಾಗಾದ್ರೆ ಮಕ್ಕಳನ್ನ ಅದರ ಹತ್ರ ಬಿಡಬಾರದಾ?’ ಅಂತ ಕೇಳಿದರು. ಒಂದು ಪದದಿಂದಾಗಿ ಗಟ್ಟಿಮುಟ್ಟಾದ ನಾಯಿಯನ್ನು ಯಾರೂ ಬೀದಿಗೆ ಬಿಡಬಾರದು. ಅಂಟುವ ಅರ್ಥ ಬರದ ಪದ ಬೇಕು. ‘ಒಳದೋಷದ ನಾಯಿ’ ಅಂದರೆ ನಾಯಿಯೇ ಕೆಟ್ಟದ್ದು ಅನ್ನಿಸುತ್ತದೆ. ‘ಒಂದೆಳೆ ದೋಷ’, ‘ಎರಡೆಳೆ ದೋಷ’ ನನಗೆ ಹಿಡಿಸಿವೆ. ಆದರೆ ಡಿಎನ್‌ಎಗೂ ಎರಡೆಳೆ ಅನ್ನುವುದರಿಂದ ಗೊಂದಲವಾದೀತು.

ಇನ್ನೊಂದು ಸಣ್ಣ ಪ್ರಶ್ನೆ. ‘ಹುಟ್ಟು ಕಾಯಿಲೆ’ಯನ್ನು ಇಲ್ಲಿ ಬಳಸಬಹುದೇ? ನನಗೆ ಸರಿ ಕಾಣುವುದಿಲ್ಲ. ಸೊಂಟದ ಕೀಲು ಸಡಿಲಾಗುವ ಹಿಪ್ ಡಿಸ್‌ಪ್ಲೇಸಿಯಾ ವಂಶದಿಂದ ಬಂದರೂ ಹುಟ್ಟಿದಾಗ ಕಾಣುವುದಿಲ್ಲ. ಮರಿ ಬೆಳೆಯುತ್ತಾ ಹಿಂಗಾಲೆರಡನ್ನೂ ಜೋಡಿಸಿ ಮೊಲದ ಹಾಗೆ ಕುಪ್ಪಳಿಸತೊಡಗಿದಾಗಲೇ ಅನುಮಾನ ಬರುವುದು. ಇದೂ ಬೆರಕೆಗಳನ್ನು ಬಿಟ್ಟಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಕಾಯಿಲೆಗಳನ್ನು ನೋಡಿದ್ದರು. 13ರಲ್ಲಿ ಜಾತಿ ನಾಯಿಗೂ ಬೆರಕೆಗೂ ವ್ಯತ್ಯಾಸ ಕಾಣಲಿಲ್ಲ. ಹಿಪ್ ಡಿಸ್‌ಪ್ಲೇಸಿಯಾ ಅವುಗಳಲ್ಲೊಂದು.

ಚಳ್ಳಕೆರೆ, ಹಿರಿಯೂರು ಕಡೆ ಕುರಿ ಸಾಕುವವರು ಬೀಜದ ಟಗರನ್ನು ಆರಿಸುವಾಗ ಇಂಥದ್ದಕ್ಕೆ ಏನಾದರೂ ಹೇಳುತ್ತಾರಾ? ತಾನು ಚೆನ್ನಾಗಿದ್ದು, ಮರಿಗಳಲ್ಲಿ ಕುಂದು ತೋರಿಸುವ ಟಗರಿಗೆ? ಬಲ್ಲವರು ದಯವಿಟ್ಟು ತಿಳಿಸಿ.